ದಾರಿಯಲ್ಲಿ ಕಳೆದ ಐವತ್ತು ವೋಲ್ಟ್

ಹೆದ್ದಾರಿ ಬದಿಯ ಚಹಾದಂಗಡಿಯ ನೀರು ಕಾಯಿಸುವ ಪಾತ್ರೆ ಅವತ್ತು ನನ್ನ ಮೇಜಿನ ಮೇಲಿತ್ತು. ಸುಟ್ಟುಹೋಗಿದ್ದ ಸುರುಳಿ ತೆಗೆದು ಹೊಸದು ಹಾಕಿದ್ದೆ. ನೀರು ತುಂಬಿ, ಸ್ವಿಚ್ ಒತ್ತಿ, ಮೀಟರು ನೋಡಿ, ಒಳಗಿನ ಕೋಣೆಗೆ ಕೇಳುವಂತೆ ಕೂಗಿದೆ.

“ಇನ್ನೂರಾ ಮೂವತ್ತು, ಐದು.”

“ಎರಡೂ ಕೂಡೇ ಅಳದ್ರಿಲ್ಲೋ?” ಒಳಗಿನಿಂದ ನನ್ನ ಹೆಂಡತಿ ಕೇಳಿದಳು.

“ಹೂಂ. ದಿನಾ ಏನ್ ಅದನ್ನ ಕೇಳ್ತಿ?”

“ದಿನಾ ಹೂಂ ಅಂತೀರಿ, ಅದಕ್ಕ ಕೇಳ್ತೇನಿ. ನಲವತ್ತಾರು. ಸಾವಿರದಾ ನೂರಾ ಐವತ್ತು.”

ಚಹಾದಂಗಡಿಯವನು ಬೆಂಚಿನ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದ. “ಸಾಬ್ರ, ಅಂಗಡಿ ನಿಮ್ದೋ, ಅಕ್ಕಾರ್ದೋ?” ಎಂದ.

“ಅಂಗಡಿ ನಂದು. ಉತ್ತರ ಆಕೀದು” ಎಂದೆ. ಅವನು ನಕ್ಕ, ಒಳಗೂ ನಗು ಕೇಳಿಸಿತು. ಪಾತ್ರೆ ಹೊತ್ತುಕೊಂಡು ಅವನು ಹೋದ.

ಬಂಕಾಪುರದ ನಮ್ಮ ಅಂಗಡಿಯಲ್ಲಿ ಕೆಲಸ ನಡೆಯುತ್ತಿದ್ದುದೇ ಹೀಗೆ. ಮೋಟರಿಗೆ ತಂತಿ ಸುತ್ತುವುದು, ಕಾಯಿಸುವ ಸುರುಳಿ ಮಾಡುವುದು ನನ್ನ ಕೆಲಸ. ಮೀಟರಿನಲ್ಲಿ ಎರಡು ಅಂಕಿ ನನಗೆ ಕಾಣುತ್ತವೆ: ಎಷ್ಟು ವೋಲ್ಟ್, ಎಷ್ಟು ಆಂಪಿಯರ್. ಒಂದು ಕರೆಂಟಿನ ಒತ್ತಡ, ಇನ್ನೊಂದು ಹರಿವು. ಉಳಿದ ಎರಡು ಆಕೆ ಹೇಳಬೇಕು. ಮೊದಲು ಓಮ್, ಅಂದರೆ ಸುರುಳಿ ಕರೆಂಟನ್ನು ಎಷ್ಟು ತಡೆಯುತ್ತದೆ ಎನ್ನುವುದು. ಆಮೇಲೆ ವ್ಯಾಟ್, ಅಂದರೆ ಎಷ್ಟು ಕಾವು ಕೊಡುತ್ತದೆ ಎನ್ನುವುದು. ನಾನು ಓದಿದ್ದು ಏಳನೆಯ ತರಗತಿ. ಆಕೆ ಹಿರೇಕೆರೂರಿನಲ್ಲಿ ಪಿಯುಸಿವರೆಗೆ ವಿಜ್ಞಾನ ಓದಿದವಳು. ಮನೆಯಲ್ಲಿ ನಾವು ಉರ್ದು ಆಡಿದರೂ ಅಂಕಿಯ ವಿಷಯ ಬಂದರೆ ಕನ್ನಡವೇ. ಆಕೆ ಕಲಿತದ್ದು ಹಾಗೆ. ಬಾಯಲ್ಲಿ ಆಗದಿದ್ದರೆ ಪಾಟಿಯ ಮೇಲೆ ಬಳಪದಿಂದ ಮಾಡಿ, ಹೇಳಿ, ಸೆರಗಿನಿಂದ ಒರೆಸಿಬಿಡುತ್ತಿದ್ದಳು. ಏನು ಬರೆದೆ ಎಂದು ನಾನು ಒಂದು ದಿನವೂ ಬಗ್ಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತಳು. ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ಗಾಡಿ ತಡಸ ದಾಟುವ ಮೊದಲೇ ಹೋಗಿಬಿಟ್ಟಳು.

ನಲವತ್ತನೆಯ ದಿನದ ಫಾತೇಹಾ ಆಗುವವರೆಗೆ ಅಂಗಡಿ ಮುಚ್ಚಿತ್ತು. ತೆರೆದ ಮೇಲೆ ಮೋಟರುಗಳನ್ನು ಮಾತ್ರ ತೆಗೆದುಕೊಂಡೆ. ಹಳೆಯ ಸುತ್ತು ಬಿಚ್ಚುವಾಗ ಎಣಿಸಿ, ಅಷ್ಟೇ ಸುತ್ತು ಹೊಸದು ಸುತ್ತಿದರೆ ಅಲ್ಲಿ ಕೆಲಸ ಮುಗಿಯುತ್ತದೆ. ಲೆಕ್ಕ ಬೇಕಾದ ಸುರುಳಿಗಳನ್ನು “ಆಗೂದಿಲ್ರಿ” ಎಂದು ತಿರುಗಿಸಿ ಕಳಿಸುತ್ತಿದ್ದೆ. ಸುರುಳಿ ಕೆಲಸವನ್ನೇ ಬಿಟ್ಟುಬಿಡಬೇಕು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಪಾಟಿ ತೆಗೆದು ನೋಡಿದೆ. ಒರೆಸಿತ್ತು. ಏನು ತೋಚಿತೋ, ಕೊನೆಯ ದಿನದ ನಾಲ್ಕು ಅಂಕಿ ಅದರ ಮೇಲೆ ಬರೆದೆ. ಇನ್ನೂರ ಮೂವತ್ತು, ಐದು, ನಲವತ್ತಾರು, ಸಾವಿರದ ನೂರೈವತ್ತು. ಮೊದಲ ಎರಡು ನನ್ನವು, ಕೊನೆಯ ಎರಡು ಆಕೆಯವು. ತುಂಬ ಹೊತ್ತು ನೋಡುತ್ತ ಕುಳಿತೆ. ಇನ್ನೂರ ಮೂವತ್ತರ ಐದು ಪಟ್ಟು ಸಾವಿರದ ನೂರೈವತ್ತು ಎನ್ನುವುದು ಮೊದಲು ಕಂಡಿತು. ಹಾಗಾದರೆ ವ್ಯಾಟ್ ಗುಣಾಕಾರ. ಇನ್ನೂರ ಮೂವತ್ತನ್ನು ಐದರಿಂದ ಭಾಗಿಸಿದೆ. ನಲವತ್ತಾರು ಬಂತು. ನೆನಪಿದ್ದ ಇನ್ನೊಂದನ್ನು ಹಾಕಿ ನೋಡಿದೆ. ಇಸ್ತ್ರಿಪೆಟ್ಟಿಗೆಯೊಂದಕ್ಕೆ ಇನ್ನೂರ ಇಪ್ಪತ್ತು ಮತ್ತು ಮೂರು ಎಂದು ಕೂಗಿದ್ದಾಗ “ಎಪ್ಪತ್ಮೂರರ ಮ್ಯಾಲ ಒಂಚೂರು, ಆರನೂರಾ ಅರವತ್ತು” ಎಂದಿದ್ದಳು. ಅದೂ ಸರಿಯಾಗಿ ಬಂತು. ಇಷ್ಟು ವರ್ಷ ಒಳಗಿನ ಕೋಣೆಯಲ್ಲಿ ನಡೆದದ್ದು ಒಂದು ಭಾಗಾಕಾರ, ಒಂದು ಗುಣಾಕಾರ. ಕೇಳಿದವರು ನಗಬಹುದು. ನಾನು ಅವತ್ತು ಸಂಜೆಯವರೆಗೆ ಅಂಗಡಿಯ ತುಂಬ ಓಡಾಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆದು ಭಾಗಿಸಿದೆ.

ಇದಾದ ನಾಲ್ಕೈದು ದಿನಕ್ಕೆ ಬೆಳಿಗ್ಗೆ ಫೋನು ಬಂತು. ಹಾನಗಲ್ಲ ದಾಟಿ ಹಿರೇಕೆರೂರ ಕಡೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಹೆಂಗಸರ ಸಂಘದವರು ನಾಟಿ ಕೋಳಿಯ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುತ್ತಾರೆ. ಅದಕ್ಕೆ ಎರಡು ದೊಡ್ಡ ಪೆಟ್ಟಿಗೆಗಳಿವೆ. ಅವನ್ನು ನೋಡಿಕೊಳ್ಳುವ ಹೆಣ್ಣುಮಗಳು ನನ್ನ ಹೆಂಡತಿಯ ಜೊತೆ ಓದಿದವಳು. ಅವರ ಪೆಟ್ಟಿಗೆಯ ಫ್ಯಾನು ಒಮ್ಮೆ ನಮ್ಮಲ್ಲೇ ಸುತ್ತಿಸಿದ್ದರು.

“ಒಂದ್ನೇ ಪೆಟಿಗಿ ಸುರುಳಿ ಸುಟ್ಟೈತ್ರಿ. ನಸಿಕಿನ್ಯಾಗ ನೋಡಿದ್ರ ತಣ್ಣಗ ಕುಂತೈತಿ. ಅಕ್ಕಗ ಕೊಡ್ರಿ ಫೋನು, ಎಲ್ಲಾ ಹೇಳ್ತೇನಿ.”

“ಆಕಿ ಇಲ್ಲವಾ. ತೀರಿಕೊಂಡು ಎರಡ ತಿಂಗಳಾತು.”

ಆ ಕಡೆ ಅವಳು ಅತ್ತೇಬಿಟ್ಟಳು. ಆಮೇಲೆ ಅಳುವ ದನಿಯಲ್ಲೇ, “ನನಗ ಯಾರೂ ಹೇಳಲೇ ಇಲ್ರಿ” ಎಂದಳು. ಹಿಂದೆಯೇ, “ಹಂಗಾದ್ರ ನಾ ಬ್ಯಾರೆ ಕಡೆ ನೋಡ್ತೇನ್ರಿ. ನಿಮಗ ತ್ರಾಸ ಬ್ಯಾಡ” ಎಂದಳು.

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಲೆಕ್ಕ ಯಾರದು ಎನ್ನುವುದು ಅವಳಿಗೆ ಗೊತ್ತಿತ್ತು, ಅಷ್ಟೇ. ಒಳಗೆ ಎಷ್ಟು ಮೊಟ್ಟೆ ಎಂದು ಕೇಳಿದೆ. ಆರುನೂರು, ಹದಿನಾಲ್ಕನೆಯ ದಿನ ಎಂದಳು. ಮೊಟ್ಟೆಯೊಡೆದು ಮರಿ ಬರಲು ಇಪ್ಪತ್ತೊಂದು ದಿನ ಬೇಕು. ಹದಿನಾಲ್ಕಕ್ಕೆ ಒಳಗೆ ಜೀವ ಆಡುತ್ತಿರುತ್ತದೆ. ಕೆಲವು ತಾಸು ತಣ್ಣಗಾದರೆ ತಡೆದುಕೊಳ್ಳುತ್ತದೆ, ರಾತ್ರಿಯವರೆಗೆ ಬಿಟ್ಟರೆ ಇಲ್ಲ. ಪೆಟ್ಟಿಗೆ ಮಾಡಿದವರು ಎರಡು ದಿನ ಬಿಟ್ಟು ಬರುತ್ತೇವೆ ಎಂದಿದ್ದರಂತೆ.

“ನಾ ಬರ್ತೇನಿ” ಎಂದೆ. “ಬಾಟ್ಲಿಗೆ ಬಿಸಿನೀರ ತುಂಬಿ ಒಳಗ ಇಡ್ರಿ. ಬಾಗಲಾ ಪದೇ ಪದೇ ತಗೀಬ್ಯಾಡ್ರಿ.”

ಸುರುಳಿಯ ತಂತಿಯ ಉಂಡೆ, ಎರಡು ಮೀಟರು, ಕೈಯಿಂದ ತಿರುಗಿಸುವ ಡ್ರಿಲ್ಲು ಚೀಲಕ್ಕೆ ಹಾಕಿದೆ. ಕೊನೆಗೆ ಪಾಟಿಯನ್ನೂ ತುರುಕಿದೆ. ಬೈಕು ಹತ್ತಿ ಹಾನಗಲ್ಲ ದಾಟಿ ಅಲ್ಲಿಗೆ ಹೋದಾಗ ಹತ್ತು ಗಂಟೆ.

ಹೊಲದ ನಡುವೆ ತಗಡಿನ ಶೆಡ್ಡು. ಬಾಗಿಲಲ್ಲೇ ಐದಾರು ಹೆಂಗಸರು ನಿಂತಿದ್ದರು. ಮೊಟ್ಟೆ ತಂದುಕೊಟ್ಟವರು ಅವರೇ. ಪೆಟ್ಟಿಗೆಯವಳ ಮೈದುನ ಹೊಸ್ತಿಲ ಮೇಲೆ ಕುಳಿತು ನನ್ನ ಚೀಲ ನೋಡಿ, “ಸಾಬ್ರ, ಪಾಟಿ ತಂದೀರಿ. ಸಾಲಿ ಹಿಂದಿನೂರಾಗ ಉಳೀತಲ್ರಿ” ಎಂದ. ಅವಳು ಅವನನ್ನು ಗದರಿಸಿ ನನ್ನನ್ನು ಒಳಗೆ ಕರೆದಳು.

ಮೊದಲನೆಯ ಪೆಟ್ಟಿಗೆಯ ಉಷ್ಣಮಾಪಕ ಮೂವತ್ತೊಂದು ಡಿಗ್ರಿ ತೋರಿಸುತ್ತಿತ್ತು. ಇರಬೇಕಾದದ್ದು ಮೂವತ್ತೇಳೂವರೆ. ಹಿಂದಿನ ತಗಡು ಬಿಚ್ಚಿದೆ. ಸುರುಳಿಯ ತುದಿ ನಟ್ಟಿನ ಬಳಿ ಸಡಿಲಾಗಿ ಕರಕಾಗಿತ್ತು. ತೆಗೆಯಲು ಹೋದರೆ ಕೈಯಲ್ಲೇ ಮೂರು ತುಂಡಾಯಿತು. ಹಿಂದೆ ಯಾರೋ ಎರಡು ಕಡೆ ಹೆಣೆದು ಕೂಡಿಸಿದ್ದರು. ಎಷ್ಟು ಕತ್ತರಿಸಿ ಎಸೆದಿದ್ದರೋ ತಿಳಿಯದು. ಅದನ್ನು ಅಳೆದು ಉಪಯೋಗವಿರಲಿಲ್ಲ.

ಎರಡನೆಯ ಪೆಟ್ಟಿಗೆಯೂ ಅದೇ ಮಾದರಿ. ಅದರ ಸುರುಳಿ ಅಳೆದರೆ ಆಯಿತು ಎಂದುಕೊಂಡು ಅದರ ತಗಡಿಗೆ ಕೈ ಹಾಕಿದೆ. ಅವಳು ಅಡ್ಡ ಬಂದಳು.

“ಅದನ್ನ ಮುಟ್ಟಬ್ಯಾಡ್ರಿ. ಇವತ್ತ ಇಪ್ಪತ್ತನೇ ದಿನಾ. ಮರಿ ಚುಂಚಿನಿಂದ ಕುಟ್ಟಾಕತ್ತಾವ. ಕಿವಿಗೊಟ್ಟ ಕೇಳ್ರಿ.”

ಕಿವಿಗೊಟ್ಟೆ. ಒಳಗೆ ಸಣ್ಣಗೆ ಚಿಂವ್ ಚಿಂವ್ ಎನ್ನುತ್ತಿತ್ತು. ಈ ಹೊತ್ತಿನಲ್ಲಿ ಬಾಗಿಲು ತೆಗೆದು ಹಸಿ ಗಾಳಿ ಹೊರಹೋದರೆ ಮರಿ ಚಿಪ್ಪಿನಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸುರುಳಿಯನ್ನು ಕಣ್ಣಿನಿಂದಲೂ ನೋಡದೆ ಅದರ ಓಮ್ ಎಷ್ಟೆಂದು ಹೇಳಬೇಕಾಗಿತ್ತು. ಒಂದು ವಾರದ ಹಿಂದಾಗಿದ್ದರೆ ಇದಕ್ಕೆ ಬೆದರುತ್ತಿದ್ದೆ. ಈಗ ಮೈಯೆಲ್ಲ ಚುರುಕಾಯಿತು. ಎರಡು ಅಂಕಿ ಸಿಕ್ಕರೆ ಸಾಕಲ್ಲ.

ಬಾಯಿ ತೆರೆದು ತಂತಿಯನ್ನು ಕಚ್ಚಿ ಹಿಡಿಯುವ ಮೀಟರೊಂದಿದೆ. ತಂತಿ ಬಿಚ್ಚದೆ ಆಂಪಿಯರ್ ಹೇಳುತ್ತದೆ. ಎರಡನೆಯ ಪೆಟ್ಟಿಗೆಯ ಹೊರಗಿನ ತಂತಿಗೆ ಅದನ್ನು ಹಾಕಿದೆ. ಸುರುಳಿ ಕಾಯುವಾಗ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ, ಕಾವು ಸಾಕಾದಾಗ ಆರುತ್ತದೆ. ದೀಪ ಹತ್ತಿದಾಗ ನಾಲ್ಕು ಪಾಯಿಂಟ್ ಮೂರು ಆಂಪಿಯರ್, ಆರಿದಾಗ ಪಾಯಿಂಟ್ ಮೂರು. ಆ ಪಾಯಿಂಟ್ ಮೂರು ಫ್ಯಾನಿನದು. ಕಳೆದರೆ ಸುರುಳಿಯದು ನಾಲ್ಕು.

“ಈ ದೀಪ ಇವತ್ತ ಆರಿ ಹತ್ತಾಕತ್ತೇತ್ರಿ” ಎಂದಳು ಅವಳು. “ಇಷ್ಟ ದಿನಾ ಒಂದ್ ಸಮನ ಹತ್ತೇ ಇರ್ತಿತ್ತು.” ನಾನು ಹೂಂ ಎಂದೆ. ಆ ಮಾತಿಗೆ ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ವೋಲ್ಟ್ ನೋಡಲು ಪೆಟ್ಟಿಗೆಗಳ ಬೋರ್ಡಿನ ಖಾಲಿ ಸಾಕೆಟ್ಟಿಗೆ ಮೀಟರಿನ ಕಡ್ಡಿ ಚುಚ್ಚಿದೆ. ಇನ್ನೂರ ಮೂವತ್ತು ತೋರಿಸಿತು. ಆ ಗಳಿಗೆಯಲ್ಲಿ ಕೆಂಪು ದೀಪ ಆರಿತ್ತು. ಅದನ್ನೂ ನಾನು ಗಮನಿಸಲಿಲ್ಲ.

ಪಾಟಿಯ ಮೇಲೆ ಬರೆದೆ. ಇನ್ನೂರ ಮೂವತ್ತು, ನಾಲ್ಕು. ಭಾಗಿಸಿದರೆ ಐವತ್ತೇಳೂವರೆ ಓಮ್. ಗುಣಿಸಿದರೆ ಒಂಬೈನೂರ ಇಪ್ಪತ್ತು ವ್ಯಾಟ್. ನನ್ನ ಬಳಿಯ ತಂತಿಯನ್ನು ಒಂದು ಮೀಟರ್ ಅಳೆದು ನೋಡಿದರೆ ಆರು ಪಾಯಿಂಟ್ ಆರು ಓಮ್. ಹಾಗಾದರೆ ಎಂಟು ಮೀಟರ್ ಎಪ್ಪತ್ತು ಸೆಂಟಿಮೀಟರ್ ಬೇಕು. ಡ್ರಿಲ್ಲಿಗೆ ಸರಳು ಸಿಕ್ಕಿಸಿ ಅದರ ಮೇಲೆ ತಂತಿ ಸುತ್ತಿದೆ. ಮೈದುನ ತಾನೇ ಎದ್ದು ಬಂದು ಡ್ರಿಲ್ಲು ತಿರುಗಿಸಿದ. ಎರಡೂ ತುದಿಗಳನ್ನು ಗೇಣುದ್ದ ಮಡಚಿ ಜೋಡಿ ಎಳೆ ಮಾಡಿ ಹೊಸೆದೆ. ಹಾಗೆ ಮಾಡಿದರೆ ನಟ್ಟಿನ ಹತ್ತಿರ ಬಿಸಿಯಾಗುವುದಿಲ್ಲ. ಮಡಚಿದ್ದಕ್ಕೆಂದು ತಂತಿ ಬೇರೆಯಾಗಿ ಬಿಟ್ಟುಕೊಂಡಿದ್ದೆ. ಮೀಟರು ಹಚ್ಚಿದರೆ ಐವತ್ತೇಳು ಪಾಯಿಂಟ್ ಎಂಟು. ಮೀಟರಿನ ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿದರೆ ಪಾಯಿಂಟ್ ಮೂರು. ಕಳೆದರೆ ಐವತ್ತೇಳೂವರೆ. ಯಾರನ್ನೂ ಕೇಳದೆ ಲೆಕ್ಕ ಹಾಕಿ ನಾನು ಮಾಡಿದ ಮೊದಲ ಸುರುಳಿ ಅದು. ಹೇಳಿದ ಅಂಕಿಯೇ ಬಂದಿತ್ತು. ಒಂದು ಕ್ಷಣ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ.

ಹನ್ನೆರಡಕ್ಕೆ ಪೆಟ್ಟಿಗೆ ಮುಚ್ಚಿ ಸ್ವಿಚ್ ಹಾಕಿದೆವು. ಮೂವತ್ತೊಂದು ಮೂವತ್ಮೂರಾಯಿತು, ಮೂವತ್ನಾಲ್ಕಾಯಿತು. ಹೆಂಗಸರು ಸರದಿಯ ಮೇಲೆ ಬಂದು ಗಾಜಿನಲ್ಲಿ ಇಣುಕಿ ಹೋದರು. ಅವಳು ನನಗೆ ರೊಟ್ಟಿ, ಹೀರೇಕಾಯಿ ಪಲ್ಯ ತಂದುಕೊಟ್ಟಳು. ಉಂಡು ಕೈ ತೊಳೆದು ಬಂದು ನೋಡಿದರೆ ಮೂವತ್ತೈದೂವರೆ. ಅರ್ಧ ತಾಸು ಬಿಟ್ಟು ನೋಡಿದರೂ ಅಷ್ಟೇ.

ಮೈದುನ ಗಾಜಿಗೆ ಮೂಗು ಹಚ್ಚಿ ನೋಡಿ, “ಸಾಬ್ರ, ನಿಮ್ಮ ಸುರುಳಿಗೂ ಒಂದ್ ಕಪ್ ಚಾ ಕೊಡೂನೇನು? ಚಳಿ ಹತ್ತಿದಂಗ ಕಾಣ್ತೇತಿ” ಎಂದ.

ಯಾರೂ ನಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳು ಎರಡನೆಯ ಪೆಟ್ಟಿಗೆಯ ಮುಂದೆ ನಿಂತು, “ಇದೂ ಇಳ್ಯಾಕತ್ತೇತ್ರಿ” ಎಂದಿದ್ದಳು. ಬೆಳಿಗ್ಗೆ ಮೂವತ್ತೇಳೂವರೆ ಇದ್ದದ್ದು ಈಗ ಮೂವತ್ತಾರು ಪಾಯಿಂಟ್ ಎಂಟು. ಕೆಂಪು ದೀಪ ಆರುತ್ತಲೇ ಇರಲಿಲ್ಲ. ನಾನು ಬಂದದ್ದು ಒಂದು ಪೆಟ್ಟಿಗೆ ಉಳಿಸಲು. ಈಗ ಎರಡೂ ಹೋಗುವಂತೆ ಕಂಡಿತು.

ಹೊಸ ಸುರುಳಿಗೆ ಮೀಟರು ಹಾಕಿದೆ. ನಾಲ್ಕು ಆಂಪಿಯರ್ ಬರಬೇಕಾದಲ್ಲಿ ಮೂರು ಪಾಯಿಂಟ್ ಒಂದು. ಮತ್ತೆ ಹಾಕಿದೆ. ಅಷ್ಟೇ.

“ಸುರುಳಿ ಒಂದ್ ಮೊಳ ಕಡೀರಿ” ಎಂದ ಮೈದುನ. “ಸಣ್ಣ ಮಾಡಿದ್ರ ಜಾಸ್ತಿ ಕಾಯ್ತೇತಿ. ಎಲ್ಲಾರೂ ಹಂಗ ಮಾಡ್ತಾರ.”

ಅವನು ಹೇಳಿದ್ದು ಸುಳ್ಳಲ್ಲ. ಹೆಂಡತಿ ತವರಿಗೆ ಹೋದಾಗ ನಾನೂ ಹಾಗೆ ಮಾಡಿದವನೇ. ಚೀಲದಿಂದ ಕತ್ತರಿ ತೆಗೆದೆ. ತೆಗೆದು, ಪಾಟಿಯ ಮೇಲಿದ್ದ ಬೆಳಗಿನ ಅಂಕಿಗಳನ್ನು ನೋಡಿದೆ. ನಾನು ಎರಡು ಅಂಕಿ ಕೂಗಿದರೆ ಆಕೆ ಮೊದಲು ಏನು ಕೇಳುತ್ತಿದ್ದಳು ಎನ್ನುವುದು ಆಗ ನೆನಪಿಗೆ ಬಂತು. ಎರಡೂ ಕೂಡೇ ಅಳದ್ರಿಲ್ಲೋ?

ಅಳೆದಿರಲಿಲ್ಲ. ನಾಲ್ಕು ಆಂಪಿಯರ್ ಸುರುಳಿ ಕಾಯುತ್ತಿದ್ದಾಗಿನದು. ಇನ್ನೂರ ಮೂವತ್ತು ವೋಲ್ಟ್ ಸುರುಳಿ ಸುಮ್ಮನಿದ್ದಾಗಿನದು. ಎರಡು ಬೇರೆ ಹೊತ್ತಿನ ಅಂಕಿಗಳನ್ನು ಒಂದಕ್ಕೊಂದು ಭಾಗಿಸಿ ಕುಳಿತಿದ್ದೆ. ವರ್ಷಗಟ್ಟಲೆ ಆಕೆ ಕೇಳಿದ ಪ್ರಶ್ನೆ. ವರ್ಷಗಟ್ಟಲೆ ಯೋಚಿಸದೆ ಹೂಂ ಎಂದ ಬಾಯಿ ನನ್ನದು.

ಕತ್ತರಿ ಕೆಳಗಿಟ್ಟು ಎರಡೂ ಪೆಟ್ಟಿಗೆಗಳ ದೀಪ ಹತ್ತಿರುವಾಗ ಸಾಕೆಟ್ಟಿಗೆ ಕಡ್ಡಿ ಚುಚ್ಚಿದೆ. ನೂರ ಎಂಬತ್ತು ವೋಲ್ಟ್.

ಪಾಟಿ ಒರೆಸಿ ಹೊಸದಾಗಿ ಬರೆದೆ. ನೂರ ಎಂಬತ್ತನ್ನು ಮೂರು ಪಾಯಿಂಟ್ ಒಂದರಿಂದ ಭಾಗಿಸಿದರೆ ಐವತ್ತೆಂಟು. ಅಂದರೆ ನಾನು ಮಾಡಿದ ಸುರುಳಿ ನಾನು ಮಾಡಿದಂತೆಯೇ ಇದೆ, ಅದರ ತಪ್ಪಿಲ್ಲ. ಗುಣಿಸಿದರೆ ಐನೂರ ಐವತ್ತೆಂಟು ವ್ಯಾಟ್. ಒಂಬೈನೂರ ಇಪ್ಪತ್ತು ಎಂದುಕೊಂಡದ್ದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ ಬರುತ್ತಿದೆ. ಹಾಗಾದರೆ ಉಳಿದ ಐವತ್ತು ವೋಲ್ಟ್ ಎಲ್ಲಿ? ಎರಡೂ ಪೆಟ್ಟಿಗೆಗಳಿಗೆ ಬರುವ ದೊಡ್ಡ ತಂತಿಗೆ ಮೀಟರು ಹಾಕಿದೆ. ಏಳು ಪಾಯಿಂಟ್ ಮೂರು ಆಂಪಿಯರ್. ಐವತ್ತನ್ನು ಏಳು ಪಾಯಿಂಟ್ ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಏಳು ಓಮ್. ಗುಣಿಸಿದರೆ ಮುನ್ನೂರ ಅರವತ್ತೈದು ವ್ಯಾಟ್.

ಬಳಪ ಹಿಡಿದುಕೊಂಡೇ ಎದ್ದು ನಿಂತೆ. ಶೆಡ್ಡಿಗೆ ಬರುವ ದಾರಿಯಲ್ಲಿ ಎಲ್ಲೋ ಏಳು ಓಮ್ ಕುಳಿತಿದೆ. ಒಂದು ಓಮ್ ಇದ್ದರೂ ಹೆಚ್ಚು ಎನ್ನುವ ಜಾಗದಲ್ಲಿ ಏಳು. ಹೊಲದ ನಡುವೆ ಎಲ್ಲೋ ಮೂರನೆಯ ಸುರುಳಿಯೊಂದು ಬಯಲಿಗೆ ಕಾವು ಕೊಡುತ್ತ ಕುಳಿತಿದೆ. ಅದು ಯಾರಿಗೂ ಕಂಡಿಲ್ಲ, ನನಗೂ ಕಂಡಿಲ್ಲ, ಆದರೆ ಅದರ ಅಳತೆ ನನ್ನ ಪಾಟಿಯ ಮೇಲಿದೆ. ಆ ಹೊತ್ತಿನ ಖುಷಿಯನ್ನು ಹೇಗೆ ಬರೆಯುವುದೋ ತಿಳಿಯದು. ಬೆಳಿಗ್ಗೆ ಅವಳು ಹೇಳಿದ ಮಾತಿಗೂ ಆಗ ಅರ್ಥ ಬಂತು. ಒಂದು ಪೆಟ್ಟಿಗೆ ನಿಂತಿದ್ದಕ್ಕೇ ಇನ್ನೊಂದರ ದೀಪ ಆರುವಷ್ಟು ಕಾವು ಏರಿತ್ತು. ಸುರುಳಿ ಕತ್ತರಿಸಿದ್ದರೆ ಅದು ಇನ್ನಷ್ಟು ಕರೆಂಟು ಎಳೆಯುತ್ತಿತ್ತು, ದಾರಿಯಲ್ಲಿ ಇನ್ನಷ್ಟು ವೋಲ್ಟ್ ಹೋಗುತ್ತಿತ್ತು, ಮರಿ ಹೊರಬರುತ್ತಿದ್ದ ಪೆಟ್ಟಿಗೆ ಇನ್ನಷ್ಟು ತಣ್ಣಗಾಗುತ್ತಿತ್ತು.

ಓಡುತ್ತಲೇ ಶೆಡ್ಡಿಗೆ ಕರೆಂಟು ಹೊರಡುವ ಕಂಬದ ಬಳಿಯ ಬೋರ್ಡಿಗೆ ಹೋದೆ. ಅಲ್ಲಿ ಇನ್ನೂರ ಇಪ್ಪತ್ತೆಂಟು. ಪೆಟ್ಟಿಗೆಗಳು ನಡೆಯುತ್ತಿರುವಾಗಲೇ. ಅಲ್ಲಿಂದ ತಂತಿಯನ್ನು ನೋಡುತ್ತ ವಾಪಸು ಬಂದೆ. ಎರಡು ತಂತಿ ಕಲ್ಲುಗಂಬಗಳ ಮೇಲೆ ಬರುತ್ತವೆ. ನಡುವೆ ಹೀರೇಕಾಯಿಯ ಚಪ್ಪರ. ಅಲ್ಲಿಗೆ ಬಂದಾಗ ಒಂದು ತಂತಿ ಮಾತ್ರ ಮುಂದೆ ಹೋಗುತ್ತಿತ್ತು. ಇನ್ನೊಂದು, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿ, ಚಪ್ಪರದ ಮೊದಲ ಗೂಟದ ಬಳಿ ಬಳ್ಳಿಯೊಳಗೆ ಇಳಿದು ಕಾಣೆಯಾಗಿತ್ತು. ಚಪ್ಪರದ ಆ ಕೊನೆಯಲ್ಲಿ ಮತ್ತೆ ಹೊರಟಿತ್ತು. ಎಲೆ ಸರಿಸಿ ನೋಡಿದೆ. ಚಪ್ಪರಕ್ಕೆ ಎಳೆದಿದ್ದ ಕಬ್ಬಿಣದ ತಂತಿಗೆ ಅದರ ತುದಿಯನ್ನು ಹೊಸೆದು ಕಟ್ಟಿತ್ತು. ಸುಮಾರು ಐವತ್ತು ಮೀಟರು ಬೆತ್ತಲೆ ತಂತಿ. ಅದರಿಂದ ಹೀರೇಕಾಯಿಗಳು ಜೋತಾಡುತ್ತಿದ್ದವು.

ಮೀಟರಿನ ಒಂದು ಕಡ್ಡಿ ಹಸಿ ಮಣ್ಣಿಗೆ ಚುಚ್ಚಿ, ಇನ್ನೊಂದನ್ನು ಚಪ್ಪರದ ತಂತಿಗೆ ತಾಗಿಸಿದೆ. ಕಂಬದ ಕಡೆಯ ತುದಿಯಲ್ಲಿ ಒಂದು ವೋಲ್ಟ್. ಶೆಡ್ಡಿನ ಕಡೆಯ ತುದಿಯಲ್ಲಿ ನಲವತ್ತಾರು.

“ಇದನ್ನ ಕಟ್ಟಿದಾವ್ರು ಯಾರು?”

ಮೈದುನ ತಲೆ ಕೆರೆದುಕೊಂಡ. “ನಾನ ಕಟ್ಟೇನ್ರಿ. ಎರಡ ತಿಂಗಳಾತು. ಟ್ರ್ಯಾಕ್ಟರ್ ತಿರಗಸೂವಾಗ ಒಂದ್ ಎಳಿ ಹರೀತು. ಚಪ್ಪರದ ತಂತಿ ಹ್ಯಾಂಗೂ ಈ ಕಡಿಂದ ಆ ಕಡೆತನಕಾ ಇತ್ತಲ್ರಿ. ತಂತಿ ಅಂದ್ರ ತಂತಿ ಅಂದ್ಕೊಂಡೆ. ಲೈಟ್ ಹತ್ತಿತು, ಬಿಟ್ಟೆ.”

“ಅಯ್ಯ ನಿನ್ನ” ಎಂದಳು ಅತ್ತಿಗೆ. “ಕಾಯಿ ಹರಿಯಾಕ ಹ್ವಾದ್ರ ಕೈ ಜುಂ ಅಂತಿತ್ತು. ಎಲಿ ತುರಿಕಿ ಅಂತ ನಾವೆಲ್ಲಾ ಅರಿಶಿಣಾ ಹಚಗೊಂಡ ಕುಂತಿದ್ವಿ.”

“ಮಳಿ ಬಂದಿದ್ರ, ಇಲ್ಲಾ ಆ ಎಳಿ ಎಲ್ಲರೆ ಹರಿದಿದ್ರ, ಕೈ ಜುಂ ಅನ್ನೂದಲ್ಲ, ಮನಷ್ಯಾರ ಉಳೀತಿರಲಿಲ್ಲ” ಎಂದೆ. ಮೈದುನನ ಮುಖದ ನಗು ಹೋಯಿತು. ಹೋದ ಸಲದ ಮರಿಗಳು ಒಂದು ದಿನ ತಡವಾಗಿ, ಸೊರಗಿ ಹುಟ್ಟಿದ್ದವಂತೆ. ಮೊಟ್ಟೆಯ ದೋಷ ಎಂದು ಹೆಂಗಸರು ಒಬ್ಬರನ್ನೊಬ್ಬರು ದೂರಿಕೊಂಡಿದ್ದರಂತೆ.

ಈ ಐವತ್ತು ಮೀಟರನ್ನು ಬದಲಿಸಬೇಕು. ಬದಲಿಸಲು ಕರೆಂಟು ನಿಲ್ಲಿಸಬೇಕು. ನಿಲ್ಲಿಸಿದರೆ ಎರಡನೆಯ ಪೆಟ್ಟಿಗೆಯೂ ನಿಲ್ಲುತ್ತದೆ. ಅವಳಿಗೆ ಹೇಳಿದೆ.

“ಮರಿ ಅರ್ಧಾ ಹೊರಗ ಬಂದಾವ. ಈಗ ಬಂದ್ ಮಾಡಂತೀರಿ?”

“ಬಂದ್ ಮಾಡ್ಲಿಲ್ಲಂದ್ರ ಸಂಜಿತನಕಾ ಇಳೀತಾನ ಹೊಕ್ಕೇತಿ. ಬಂದ್ ಮಾಡಿದ್ರ ಹನ್ನೆರಡ ನಿಮಿಷ.”

ಅವಳು ಪೆಟ್ಟಿಗೆ ನೋಡಿದಳು, ಪಾಟಿ ನೋಡಿದಳು. “ಅಕ್ಕ ಇದ್ದಿದ್ರ ಆಕೀನ್ನ ಕೇಳ್ತಿದ್ದೆ” ಎಂದಳು.

“ನಾನೂ ಆಕೀನ್ನ ಕೇಳ್ತಿದ್ದೆ” ಎಂದೆ.

ಅವಳು ಒಳಗೆ ಹೋಗಿ ಕಂಬಳಿ ತಂದು ಎರಡೂ ಪೆಟ್ಟಿಗೆಗಳ ಮೇಲೆ ಹೊದಿಸಿದಳು. ಅದೇ ಅವಳ ಒಪ್ಪಿಗೆ.

ಮೈದುನನ ಮನೆಯಲ್ಲಿ ಬೋರಿನ ಮೋಟರಿಗೆಂದು ತಂದಿಟ್ಟ ಮೂರೆಳೆಯ ಕೇಬಲ್ಲಿನ ಸುರುಳಿ ಇತ್ತು. ಕೇಳುವ ಮೊದಲೇ ಹೊತ್ತು ತಂದ. ಕರೆಂಟು ನಿಲ್ಲಿಸುವ ಮುಂಚೆಯೇ ಅದನ್ನು ಕಲ್ಲುಗಂಬಗಳ ಉದ್ದಕ್ಕೆ ಎಳೆದು ಕಟ್ಟಿದೆವು. ಎರಡೂ ತುದಿ ಸುಲಿದು, ಎರಡು ಎಳೆ ಕೂಡಿಸಿ ನ್ಯೂಟ್ರಲ್ಲಿಗೆಂದು ತಯಾರು ಮಾಡಿಟ್ಟೆ. ಮೂರನೆಯದನ್ನು ಸುಮ್ಮನೆ ಬಿಟ್ಟೆ. ಬಾಕಿ ಉಳಿದದ್ದು ಎರಡು ಕೂಡಿಕೆ ಮಾತ್ರ. ಆಮೇಲೆ ಕಂಬದ ಬೋರ್ಡಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ನಾನು ಕೆಲಸ ಮಾಡುವಾಗ ಫ್ಯೂಸು ನನ್ನ ಜೇಬಿನಲ್ಲೇ ಇರಬೇಕು.

ಶೆಡ್ಡಿನಲ್ಲಿ ಫ್ಯಾನುಗಳ ಸದ್ದು ನಿಂತಿತು. ಹಳೆಯ ಗಂಟು ತುಕ್ಕು ಹಿಡಿದು ಬಿಚ್ಚಲಿಲ್ಲ, ಕತ್ತರಿಸಿದೆ. ಮೊದಲ ಕೂಡಿಕೆ ಮುಗಿಸಿ ಚಪ್ಪರದ ಪಕ್ಕ ಓಡಿದೆ. ಮೈದುನ ಟೇಪು ಹಿಡಿದು ಮುಂದೆ ಓಡಿದ. ಶೆಡ್ಡಿನ ಬಾಗಿಲಲ್ಲಿ ಅವಳು ನಿಂತು ಫೋನು ನೋಡುತ್ತ ನಿಮಿಷ ಕೂಗುತ್ತಿದ್ದಳು. “ಆರು.” “ಏಳಾತ್ರಿ.” ಎರಡನೆಯ ಕೂಡಿಕೆಗೆ ಟೇಪು ಸುತ್ತುವಾಗ “ಹತ್ತು” ಎಂದಳು. ಮತ್ತೆ ಕಂಬಕ್ಕೆ ಓಡಿ ಫ್ಯೂಸು ಹಾಕಿದೆ. ಹೊಲದ ಆ ಕಡೆಯಿಂದ ಹೆಂಗಸರ ಕೂಗು ಕೇಳಿಸಿತು. ಫ್ಯಾನು ತಿರುಗಿತ್ತು.

ಉಸಿರು ಬಿಡುತ್ತ ಬಂದು ಮೊದಲು ಅಳೆದೆ. ಈ ಸಲ ಎರಡೂ ಮೀಟರು ಎರಡು ಕೈಯಲ್ಲಿ, ಒಂದೇ ಹೊತ್ತಿಗೆ. ವೋಲ್ಟ್ ಇನ್ನೂರ ಇಪ್ಪತ್ತೊಂದು. ನನ್ನ ಸುರುಳಿಗೆ ಮೂರು ಪಾಯಿಂಟ್ ಎಂಟು ಆಂಪಿಯರ್. ಎಂಟುನೂರ ನಲವತ್ತು ವ್ಯಾಟ್ ಎಂದು ಜೋರಾಗಿ ಹೇಳಿದೆ. ಸಂಘದ ಹೆಂಗಸೊಬ್ಬಳು, “ಏನಂತ?” ಎಂದಳು. “ಸಾಕಷ್ಟು ಕಾವು ಅಂತ” ಎಂದಳು ಪೆಟ್ಟಿಗೆಯವಳು.

ಕೇಬಲ್ಲಿನಲ್ಲಿ ಒಂದು ಎಳೆ ಖಾಲಿ ಇತ್ತಲ್ಲ, ಅದನ್ನೇ ಉದ್ದನೆಯ ಕಡ್ಡಿ ಮಾಡಿಕೊಂಡು, ಬೇರ್ಪಡಿಸಿದ ಚಪ್ಪರದ ತಂತಿಯನ್ನು ಅಳೆದೆ. ಅಳೆಯುವ ಅಗತ್ಯವಿರಲಿಲ್ಲ. ನೋಡಬೇಕೆನಿಸಿತು. ಲೆಕ್ಕದಲ್ಲಿ ಬಂದದ್ದು ದಾರಿಗೆಲ್ಲ ಸೇರಿ ಏಳರ ಹತ್ತಿರ. ಮೀಟರು ಚಪ್ಪರ ಒಂದಕ್ಕೇ ಆರು ತೋರಿಸಿತು. ಹೀರೇಕಾಯಿಗಳ ನಡುವೆ ನಿಂತು ಒಬ್ಬನೇ ನಕ್ಕೆ. ಕಣ್ಣಲ್ಲಿ ನೀರೂ ಬಂತು.

ನಾಲ್ಕೂವರೆಗೆ ಎರಡನೆಯ ಪೆಟ್ಟಿಗೆ ಮೂವತ್ತೇಳೂವರೆ ಮುಟ್ಟಿತು. ಕೆಂಪು ದೀಪ ಆರಿತು. ಮೊದಲನೆಯದಕ್ಕೆ ಐದೂವರೆಯಾಯಿತು. ಎಲ್ಲರೂ ಆ ದೀಪವನ್ನೇ ನೋಡುತ್ತ ನಿಂತಿದ್ದೆವು. ಅದು ಆರಿದಾಗ ಮೈದುನ, “ದೀಪ ಆರಿದ್ದಕ್ಕ ಇಷ್ಟ ಖುಷಿ ಪಡೋ ಮಂದಿನ್ನ ಇವತ್ತ ನೋಡಿದೆ” ಎಂದ.

ಎರಡನೆಯ ಪೆಟ್ಟಿಗೆಯ ಮರಿಗಳು ಮರುದಿನವೇ ಬಂದವು. ಮೊದಲನೆಯದರ ಬಗ್ಗೆ ಒಂದು ವಾರ ಏನೂ ಗೊತ್ತಾಗಲಿಲ್ಲ. ಆ ವಾರ ನಾನು ಸರಿಯಾಗಿ ಕೆಲಸ ಮಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವಳ ಫೋನು ಬಂತು. ಹಲೋ ಎನ್ನುವ ಮೊದಲೇ ಅವಳು ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಚಿಂವ್ ಚಿಂವ್ ಎನ್ನುವ ಗದ್ದಲದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಸತ್ತವೂ ಇದ್ದವಂತೆ, ಮಾಮೂಲಿಗಿಂತ ಸ್ವಲ್ಪ ಹೆಚ್ಚೇ. ಹೆಚ್ಚಿನವು ಬದುಕಿದ್ದವು.

ತಪ್ಪು ಲೆಕ್ಕದ ಆ ಸುರುಳಿ ಇನ್ನೂ ಅದೇ ಪೆಟ್ಟಿಗೆಯಲ್ಲಿದೆ. ಎರಡನೆಯ ಪೆಟ್ಟಿಗೆಯದನ್ನು ಆಮೇಲೆ ಸರಿಯಾಗಿ ಅಳೆದಾಗ ಬಂದಂತೆ ಇದೂ ಐವತ್ತು ಓಮ್ ಇರಬೇಕಿತ್ತು, ಐವತ್ತೇಳೂವರೆ ಇದೆ. ತಂತಿ ಸರಿಯಾದ ಮೇಲೆ ಅಷ್ಟೇ ಸಾಕಾಗುತ್ತದೆ, ಅದಕ್ಕೇ ಬದಲಿಸಲಿಲ್ಲ.

ಈಗ ಸುರುಳಿ ಕೆಲಸ ಮತ್ತೆ ತೆಗೆದುಕೊಳ್ಳುತ್ತೇನೆ. ಪಾಟಿ ಮೇಜಿನ ಮೇಲಿರುತ್ತದೆ. ಅಳೆದ ಮೇಲೆ ಎರಡು ಅಂಕಿಗಳನ್ನು ಈಗಲೂ ಜೋರಾಗಿಯೇ ಹೇಳುತ್ತೇನೆ, ಉಳಿದ ಎರಡನ್ನು ಬರೆದುಕೊಳ್ಳುತ್ತೇನೆ. ಎರಡೂ ಕೂಡೇ ಅಳದ್ರಿಲ್ಲೋ ಎಂದು ಕೇಳುವವಳು ಒಳಗಿನ ಕೋಣೆಯಲ್ಲಿ ಇಲ್ಲ.